ವರ್ಷಕ್ಕೊಂದು ಚಮಚ ಹಳದಿ

ಭದ್ರತಾ ಕಚೇರಿಯಲ್ಲಿ ಬೋರ್ಡು ಬರೆಯುವವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಉಗುರು ಸಂದಿಯಲ್ಲಿ ಸದಾ ಕೆಂಪು ಬಣ್ಣ ಮೆತ್ತಿಕೊಂಡಿರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಕೆಂಪಣ್ಣ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅಂದರೆ ಹೆಚ್ಚುಕಡಿಮೆ ದಿನಾ.

ಬಾಗಿಲುಗಳ ಮೇಲೆ ನಂಬರು, ಮೆಟ್ಟಿಲ ಮೂಲೆಯಲ್ಲಿ ‘ಇಲ್ಲಿ ಉಗುಳಬಾರದು’, ಸಾಹೇಬರ ಕೋಣೆಯ ಹೊರಗೆ ‘ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’, ಇವೆಲ್ಲ ಅವನ ಕೈಬರಹ. ಸ್ಕೇಲು ಹಿಡಿಯದೆ ಗೆರೆ ಎಳೆದರೆ ದಾರ ಕಟ್ಟಿದ ಹಾಗೆ ನೆಟ್ಟಗಿರುತ್ತಿತ್ತು. ಸರ್ಕಾರ ನಡೆಯುತ್ತಿರುವುದೇ ತನ್ನ ಅಕ್ಷರಗಳ ಮೇಲೆ ಎಂಬ ಸಣ್ಣ ಗುಮಾನಿ ಅವನಿಗಿತ್ತು. “ಪ್ರವೇಶವಿಲ್ಲ ಅಂತ ನಾನು ಬರೆದ್ರೆ ಬರೆದ ನಾನೇ ಒಂದು ಕ್ಷಣ ನಿಂತ್ಕೋತೀನಿ, ಗೊತ್ತಾ?” ಎಂದು ಊಟದ ಹೊತ್ತಿಗೆ ಹೇಳುತ್ತಿದ್ದ. “ನಮ್ಮನೆ ಬಾಗಿಲಿಗೂ ಒಂದು ಬರೀರಿ. ನಿಮ್ಮ ಸ್ನೇಹಿತರು ನಿಲ್ತಾರಾ ನೋಡೋಣ,” ಎನ್ನುತ್ತಿದ್ದಳು ಹೆಂಡತಿ.

ಅವನ ಮುಖ್ಯ ಕೆಲಸವೆಂದರೆ ಗೇಟಿನ ಮೇಲಿನ ತಗಡು. ಇಪ್ಪತ್ತೊಂದು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಹನ್ನೊಂದು ಜನ ಸತ್ತಾಗ ಭಯೋತ್ಪಾದನೆಯ ಮೇಲೆ ಯುದ್ಧ ಸಾರಲಾಯಿತು. ಮರುವಾರವೇ ಆ ತಗಡು ಬಂತು. ಅದರ ಮೇಲೆ ಅಕ್ಷರವಿಲ್ಲ, ಬರೀ ಬಣ್ಣ. ಹಸಿರೆಂದರೆ ನೆಮ್ಮದಿ, ಹಳದಿಯೆಂದರೆ ಎಚ್ಚರ, ಕೆಂಪೆಂದರೆ ಯುದ್ಧ. ಆರು ವಾರದ ಮಟ್ಟಿಗೆ ಕೆಂಪು ಬಳಿಯಬೇಕೆಂದು ಆದೇಶವಾಯಿತು. ಕೆಂಪಣ್ಣ ಬಳಿದ. ಆರು ವಾರ ಕಳೆಯಿತು, ಆರು ವರ್ಷ ಕಳೆಯಿತು, ಬಣ್ಣ ಇಳಿಸಿ ಎನ್ನುವ ಕಾಗದ ಬರಲೇ ಇಲ್ಲ. ವರ್ಷಕ್ಕೊಮ್ಮೆ ಸ್ಫೋಟದ ದಿನದ ಹಿಂದಿನ ವಾರ ಅವನು ಏಣಿ ಹತ್ತಿ ಹೊಸದಾಗಿ ಬಳಿಯುತ್ತಿದ್ದ. ನಿಯಮದ ಪ್ರಕಾರ ಉಗ್ರಾಣದಿಂದ ಪ್ರತಿ ವರ್ಷ ಮೂರು ಬಣ್ಣದ ಮೂರು ಡಬ್ಬಿ ಬರುತ್ತಿದ್ದವು. ಹಳದಿ, ಹಸಿರು ಡಬ್ಬಿಗಳು ಮುಚ್ಚಳ ತೆಗೆಯದೆ ಬೀರುವಿನಲ್ಲಿ ಕೂತಿದ್ದವು.

ಬಣ್ಣ ನಿರ್ಧರಿಸಲು ಒಂದು ಸಮಿತಿಯಿತ್ತು. ಪ್ರತಿ ಸೋಮವಾರ ಸೇರುತ್ತಿತ್ತು. ಅಧ್ಯಕ್ಷರು ದೊಡ್ಡ ಸಾಹೇಬರು. ಜೊತೆಗೆ ಬರೆದುಕೊಳ್ಳಲು ಒಬ್ಬ ಕಾರ್ಯದರ್ಶಿ, ಊರಿನ ಗಣ್ಯರೆಂದು ಒಬ್ಬ ಸಿಮೆಂಟು ವ್ಯಾಪಾರಿ, ಒಬ್ಬ ಕಣ್ಣಿನ ಡಾಕ್ಟರು, ಒಬ್ಬ ನಿವೃತ್ತ ಹೆಡ್‌ಮಾಸ್ತರು. ಚಹಾ ಕೊಡುತ್ತಿದ್ದವನು ಕೆಂಪಣ್ಣನೇ. ನಿರ್ಣಯ ಮೊದಲೇ ಅಚ್ಚಾಗಿರುತ್ತಿತ್ತು: ‘ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಯಥಾಸ್ಥಿತಿ ಕಾಯ್ದುಕೊಳ್ಳಲು ತೀರ್ಮಾನಿಸಲಾಯಿತು.’ ತಾರೀಖು ಮಾತ್ರ ಕೈಯಲ್ಲಿ ತುಂಬುತ್ತಿದ್ದರು. ಕೂಲಂಕಷ ಪರಿಶೀಲನೆ ಬಹುಮಟ್ಟಿಗೆ ಬಿಸ್ಕತ್ತಿನದು.

ಏಳನೇ ವರ್ಷ ಹೆಡ್‌ಮಾಸ್ತರು ಒಂದು ಪ್ರಶ್ನೆ ಕೇಳಿಬಿಟ್ಟರು. “ಅಲ್ಲ ಸ್ವಾಮಿ, ಈ ಯುದ್ಧ ಮುಗೀತು ಅಂತ ನಮಗೆ ಗೊತ್ತಾಗೋದು ಹೇಗೆ? ಶತ್ರು ಬಂದು ಸೋತೆ ಅಂತ ರುಜು ಹಾಕಿಕೊಡ್ತಾನಾ?”

ಯಾರೂ ನಗಲಿಲ್ಲ. ಕಾರ್ಯದರ್ಶಿ ‘ಸದಸ್ಯರೊಬ್ಬರು ಪ್ರಶ್ನೆ ಕೇಳಿದರು’ ಎಂದು ಬರೆದುಕೊಂಡ. ಮುಂದಿನ ಸೋಮವಾರ ಕೆಂಪಣ್ಣ ಎಂದಿನಂತೆ ಐದು ಕಪ್ಪು ಜೋಡಿಸುತ್ತಿದ್ದಾಗ ಕಾರ್ಯದರ್ಶಿ ಒಂದನ್ನು ತೆಗೆದು ಬದಿಗಿಟ್ಟ. “ನಾಲ್ಕು ಸಾಕು,” ಎಂದ. ಹೆಡ್‌ಮಾಸ್ತರ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಆ ಬೀಗದ ಬಗ್ಗೆ ಊರಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕೆಂಪಣ್ಣನೂ ಕೇಳಲಿಲ್ಲ.

ಒಂಬತ್ತನೇ ವರ್ಷ ಅವನ ತಂಗಿಯ ಮಗನನ್ನು ಹಿಡಿದುಕೊಂಡು ಹೋದರು. ಹುಡುಗನಿಗೆ ಇಪ್ಪತ್ತೆರಡು. ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತಿದ್ದ. ಯಾರಿಗೋ ಒಂದು ಅಲಾರಾಂ ಗಡಿಯಾರ ಮಾರಿದ್ದ. ಆ ಯಾರೋ ಪಟ್ಟಿಯಲ್ಲಿದ್ದ. ಅಷ್ಟೇ. ಆರೋಪವಿಲ್ಲ, ವಿಚಾರಣೆಯಿಲ್ಲ, ‘ಮುನ್ನೆಚ್ಚರಿಕೆ’ ಎಂದು ಕಚೇರಿಯ ಹಿಂದಿನ ಕಟ್ಟಡದಲ್ಲಿ ಇಟ್ಟುಕೊಂಡರು. ತಂಗಿ ಪ್ರತಿ ಸೋಮವಾರ ಒಗೆದ ಬಟ್ಟೆಯ ಚೀಲ ಹಿಡಿದು ಬರುತ್ತಿದ್ದಳು, ಕಿಟಕಿಯಲ್ಲಿ ಕೊಟ್ಟು ಕೊಳೆಬಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು. ಮಗನ ಮುಖ ವರ್ಷಕ್ಕೆರಡು ಬಾರಿ. ಉಳಿದಂತೆ ಅಂಗಿಯ ಕಾಲರು ನೋಡಿ ಮಗ ಇಳಿದಿದ್ದಾನೋ ತುಂಬಿಕೊಂಡಿದ್ದಾನೋ ಎಂದು ಅಂದಾಜು ಮಾಡುತ್ತಿದ್ದಳು.

“ಯಾವಾಗ ಬಿಡ್ತಾರಣ್ಣ?”

“ಬೋರ್ಡು ಕೆಂಪು ಇರೋತನಕ ಕಡತ ಮುಟ್ಟೋ ಹಾಗಿಲ್ಲಮ್ಮ. ನಿಯಮ.”

“ನಿಯಮ ನೀನು ನೋಡಿದೀಯಾ?”

“ನೋಡೋದೇನು, ಬರೆದವನೇ ನಾನು!” ಎಂದ ಕೆಂಪಣ್ಣ, ಅಂಥ ಹೊತ್ತಿನಲ್ಲೂ ಚೂರು ಎದೆಯುಬ್ಬಿಸಿ.

ಅದು ನಿಜ. ನಿಯಮಗಳೆಲ್ಲ ಸಾರ್ವಜನಿಕರಿಗೆ ಕಾಣುವಂತಿರಬೇಕೆಂದು ಎರಡನೇ ವರ್ಷ ಕಚೇರಿಯ ಮೊಗಸಾಲೆಯ ಗೋಡೆಯ ಮೇಲೆ ಅವನಿಂದ ಬರೆಸಿದ್ದರು. ಬರೆದವನು ಅನಿವಾರ್ಯವಾಗಿ ಓದಿದ್ದ. ಇಡೀ ಕಚೇರಿಯಲ್ಲಿ ಅವನ್ನು ಪೂರ್ತಿ ಓದಿದವನು ಅವನೊಬ್ಬನೇ. ಹದಿನಾಲ್ಕನೆಯದು ಹೀಗಿತ್ತು: ‘ಫಲಕದ ಮೇಲೆ ಆಕ್ಷೇಪಣೆಯಿಲ್ಲದೆ ಮೂವತ್ತು ದಿನ ಇರುವ ಬಣ್ಣವೇ ಜಾರಿಯಲ್ಲಿರುವ ಬಣ್ಣ.’ ಹದಿನೈದನೆಯದು: ‘ಕೆಂಪಿಗಿಂತ ಕೆಳಗಿನ ಬಣ್ಣ ಜಾರಿಯಲ್ಲಿದ್ದಾಗ ಮುನ್ನೆಚ್ಚರಿಕೆಯ ಬಂಧಿಗಳ ಕಡತವನ್ನು ತೆರೆದು ನೋಡತಕ್ಕದ್ದು.’

ತಂಗಿ ಗೋಡೆಯನ್ನು ಬೆರಳಿಟ್ಟು ಓದಿದಳು. ಆಮೇಲೆ ಅಣ್ಣನ ಉಗುರು ನೋಡಿದಳು. “ಕುಂಚ ನಿನ್ನ ಕೈಲೇ ಇದೆಯಲ್ಲಣ್ಣ,” ಎಂದು ಚೀಲ ಎತ್ತಿಕೊಂಡು ಹೋದಳು.

ಕೆಂಪಣ್ಣ ಧೈರ್ಯಸ್ಥನಲ್ಲ. ಎದುರಿಂದ ಜೀಪು ಬಂದರೆ ತಪ್ಪು ಮಾಡದೆಯೂ ರಸ್ತೆ ದಾಟಿಬಿಡುವ ಪೈಕಿ. ಆದರೆ ಆ ವರ್ಷ ಬಣ್ಣ ಕಲಸುವಾಗ ಹಳದಿ ಡಬ್ಬಿಯ ಮುಚ್ಚಳ ತೆಗೆದು ಒಂದು ಚಮಚ, ಚಹಾದ್ದೇ ಚಮಚ, ಕೆಂಪಿಗೆ ಬೆರೆಸಿದ. ಈ ಕೆಂಪು ಬಿಸಿಲಲ್ಲಿ ಕಣ್ಣಿಗೆ ಚುಚ್ಚುತ್ತದೆ, ಜನರ ಕಣ್ಣು ಕಾಯುವುದೂ ಭದ್ರತೆಯೇ ತಾನೇ ಎಂದು ತನಗೆ ತಾನೇ ಹೇಳಿಕೊಂಡ. ಒಂದು ವಾರ ಕಾದ. ಯಾರೂ ತಲೆಯೆತ್ತಲಿಲ್ಲ.

ಮರುವರ್ಷ ಎರಡು ಚಮಚ. ಬೆರೆಸತೊಡಗಿದ ಐದನೇ ವರ್ಷ ಒಂದು ಸೌಟು. ಏಳನೇ ವರ್ಷ ಅರ್ಧಕ್ಕರ್ಧ. ಹನ್ನೊಂದನೇ ವರ್ಷ ಹಳದಿ ಡಬ್ಬಿಗೆ ಒಂದು ಚಮಚ ಕೆಂಪು. ಹನ್ನೆರಡನೇ ವರ್ಷ ಅದೂ ಇಲ್ಲ. ಗೇಟಿನ ಮೇಲೆ ಬಾಳೆಹಣ್ಣಿನಂಥ ಅಪ್ಪಟ ಹಳದಿ ನೇತಾಡುತ್ತಿತ್ತು. ಅದರ ಕೆಳಗೆ ನಿಂತ ಕಾವಲುಗಾರ ದಾರಿ ಕೇಳಿದವರಿಗೆ, “ಇಲ್ಲೇ ರೀ, ಕೆಂಪು ಬೋರ್ಡು ಕಾಣಲ್ವಾ?” ಎಂದು ಗದರುತ್ತಿದ್ದ. ದಾರಿ ಕೇಳಿದವರು ನೋಡಿ, “ಹೌದ್ಹೌದು,” ಎಂದು ಒಳಗೆ ಹೋಗುತ್ತಿದ್ದರು. ಬೀರುವಿನಲ್ಲಿ ಈಗ ಮುಚ್ಚಳ ತೆಗೆಯದ ಕೆಂಪು ಡಬ್ಬಿಗಳು ಸಾಲಾಗಿ ಕೂತಿದ್ದವು. ಅವು ಸಾಕ್ಷಿ ಹೇಳಬಹುದೆಂದು ಕೆಂಪಣ್ಣನಿಗೆ ಹೊಳೆಯಲಿಲ್ಲ. ಅಕ್ಷರ ಒಪ್ಪವಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ ಎಂದು ನಂಬಿದವನು ಅವನು.

ಅಪ್ಪಟ ಹಳದಿ ಬಳಿದ ಮೂವತ್ತೊಂದನೇ ದಿನ ಸೋಮವಾರವೇ ಬಿತ್ತು. ತಂಗಿಯ ಹೆಸರಿನಲ್ಲಿ ಅರ್ಜಿಯನ್ನು ಅವನೇ ಬರೆದಿದ್ದ. ಸೊಟ್ಟಗೆ ಬರೀರಿ, ಗುರುತು ಸಿಗಬಾರದು ಎಂದು ಹೆಂಡತಿ ಹೇಳಿದ್ದಳು. ಪ್ರಯತ್ನಿಸಿದ. ಮೂರು ಹಾಳೆ ಹರಿದ. ಸೊಟ್ಟ ಅಕ್ಷರದ ಕೆಳಗೆ ಸ್ವಂತ ತಂಗಿ ರುಜು ಹಾಕುವುದನ್ನು ನೋಡಲಾರದೆ ನಾಲ್ಕನೆಯದನ್ನು ಗೋಡೆಯ ಮೇಲಿದ್ದ ಹಾಗೇ ಮುದ್ದಾಗಿ ಬರೆದುಕೊಟ್ಟ. “ಈ ಜಂಬವೇ ನಿಮ್ಮನ್ನ ಮುಳುಗಿಸೋದು,” ಎಂದಳು ಹೆಂಡತಿ. ಆ ದಿನ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಸಮಿತಿ ಅರ್ಜಿ ಓದಿತು. ಚಹಾ ಆರಿತು. ನಾಲ್ವರೂ ಎದ್ದು ಗೇಟಿನ ಬಳಿ ಹೋಗಿ ಕತ್ತೆತ್ತಿ ನಿಂತರು. ಹಳದಿ ಎಂದವನು ಯುದ್ಧ ಇಳಿಯಿತೆಂದು ಹೇಳಿದ ಹಾಗಾಯಿತು. ನಾಳೆ ಎಲ್ಲಾದರೂ ಪಟಾಕಿ ಸಿಡಿದರೂ ಅವನ ಕುತ್ತಿಗೆಗೆ. ಕೆಂಪು ಎನ್ನೋಣವೆಂದರೆ ಎದುರಿಗೇ ಜನ ನಿಂತಿದ್ದಾರೆ.

ವ್ಯಾಪಾರಿ, “ನಾನು ಕನ್ನಡಕ ಮರೆತು ಬಂದಿದೀನಿ,” ಎಂದ. ಕನ್ನಡಕ ಅವನ ಮೂಗಿನ ಮೇಲೇ ಇತ್ತು.

ಕಣ್ಣಿನ ಡಾಕ್ಟರು, “ಬಣ್ಣ ಅನ್ನೋದು ಬೆಳಕಿನ ಮೇಲೆ ಹೋಗುತ್ತೆ,” ಎಂದರು.

ಕಾರ್ಯದರ್ಶಿ ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದು, “ಈ ಅಕ್ಷರ ಎಲ್ಲೋ ನೋಡಿದೀನಿ ಸರ್,” ಎಂದು ಗೊಣಗಿಕೊಂಡ.

ದೊಡ್ಡ ಸಾಹೇಬರು ತಿರುಗಿದರು. “ಕೆಂಪಣ್ಣ, ಬಾಪ್ಪಾ ಇಲ್ಲಿ. ಬಣ್ಣದ ವಿಚಾರದಲ್ಲಿ ನೀನು ನಮಗಿಂತ ದೊಡ್ಡವನು. ಇದು ಯಾವ ಬಣ್ಣ?”

ಮೂವತ್ತು ವರ್ಷದ ನೌಕರಿಯಲ್ಲಿ ಅವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಎದೆ ತಾನಾಗಿ ಉಬ್ಬಿತು. ಸಾಹೇಬರು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು. ಕೈ ಮೆತ್ತಗಿತ್ತು. “ನಿನ್ನ ಹೆಸರಲ್ಲೇ ಇದೆಯಲ್ಲಯ್ಯಾ. ಕೆಂಪು ಅಂತ ಬರೆದು ಒಂದು ರುಜು ಹಾಕು, ಸಾಕು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ ನಿಂದು. ಆರಾಮಾಗಿ ಮನೆಗೆ ಹೋಗು.”

ಗೇಟಿನ ಆಚೆ ತಂಗಿ ಚೀಲ ಹಿಡಿದು ನಿಂತಿದ್ದಳು. ಕಣ್ಸನ್ನೆ ಮಾಡಲಿಲ್ಲ, ಕೈ ಮುಗಿಯಲಿಲ್ಲ. ಹನ್ನೆರಡು ವರ್ಷ ಅದರಡಿಯೇ ಓಡಾಡಿದ ಬೋರ್ಡನ್ನು ಈಗಷ್ಟೇ ಕಂಡವಳ ಹಾಗೆ ನೋಡುತ್ತಿದ್ದಳು.

“ಹಳದಿ, ಸರ್.”

“ಇನ್ನೊಂದ್ಸಲ ನೋಡಿ ಹೇಳು.”

“ನೋಡೋದೇನಿದೆ ಸರ್. ಹಚ್ಚಿದವನು ನಾನೇ.”

ಬೈಗುಳ ಬರಬಹುದೆಂದು ಕಾದ. ಬರಲಿಲ್ಲ. ಸಾಹೇಬರ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ನಿರಾಳ. ತಲೆಯ ಮೇಲಿನ ದೊಡ್ಡ ಭಾರ ಇಳಿಸಿಕೊಂಡವರ ಹಾಗೆ ಉಸಿರುಬಿಟ್ಟರು. ಕೆಂಪಣ್ಣ ಹೆದರಿದ್ದು ಆಗ.

“ನೋಡಿದ್ರಾ,” ಎಂದರು ಸಾಹೇಬರು ಸಮಿತಿಯ ಕಡೆ ತಿರುಗಿ, ಪಾಠ ಹೇಳುವ ಧಾಟಿಯಲ್ಲಿ. “ಯುದ್ಧ ಯಾವಾಗ ಮುಗಿಯುತ್ತೆ ಅಂತ ಕೇಳ್ತಿದ್ರು ಕೆಲವರು. ನಮ್ಮ ಗೇಟಿನ ಮೇಲೆ, ನಮ್ಮದೇ ಏಣಿ ಹಾಕಿಕೊಂಡು, ಹನ್ನೆರಡು ವರ್ಷದಿಂದ ಕೂತಿದಾನೆ ಶತ್ರು. ಮುಗಿಯುತ್ತಾ ಇದು?”

“ಮುಗಿಯಲ್ಲ ಸರ್,” ಎಂದರು ಡಾಕ್ಟರು, ವ್ಯಾಪಾರಿ, ಒಟ್ಟಿಗೇ. ಇಬ್ಬರಿಗೂ ಕಣ್ಣು ಚೆನ್ನಾಗಿ ಕಾಣತೊಡಗಿತ್ತು.

ಬೀರು ತೆರೆಸಿದರು. ಕೆಂಪು ಡಬ್ಬಿಗಳನ್ನು ಎಣಿಸಿದರು. ಆಕ್ಷೇಪಣೆಯನ್ನು ಹಿಂದಿನ ತಾರೀಖು ಹಾಕಿ ದಾಖಲಿಸಿದರು.

ಆದರೂ ಸಾಹೇಬರು ನಿಯಮ ಮೀರುವವರಲ್ಲ. ಬಣ್ಣ ಹಳದಿಯಾಗಿದ್ದದ್ದು ನಿಜವಾದ್ದರಿಂದ ಹುಡುಗನ ಕಡತವನ್ನು ತೆರೆದು ನೋಡಿಯೇ ನೋಡಿದರು. ಅದರಲ್ಲಿ ಒಂದೇ ಹಾಳೆಯಿತ್ತು: ಅಲಾರಾಂ ಗಡಿಯಾರ. ಈಗ ಎರಡನೇ ಹಾಳೆ ಸೇರಿಸಿದರು: ‘ಸೋದರಮಾವ ಕಚೇರಿಯೊಳಗಿನ ಶತ್ರುವೆಂದು ರುಜುವಾತಾಗಿದೆ.’ ಕಡತ ಮುಚ್ಚಿದರು. ಅವರಿಗೆ ಅದು ನ್ಯಾಯವಾಗಿಯೇ ಕಂಡಿತು.

ಹಿಂದಿನ ಕಟ್ಟಡದಲ್ಲಿ ಜಾಗ ಸಾಲದೆ ಕೆಂಪಣ್ಣನನ್ನು ಅಳಿಯನ ಕೋಣೆಗೇ ಹಾಕಿದರು. ಇಪ್ಪತ್ತೆರಡರಲ್ಲಿ ಹೋದವನ ಕಿವಿಯ ಮೇಲೆ ನರೆ ಬಂದಿತ್ತು. ಅವನು ಮಾವನನ್ನು ಮೇಲಿಂದ ಕೆಳಗೆ ನೋಡಿ, “ನನ್ನ ಬಿಡಿಸೋಕೆ ಹೊರಟೋರು ನೀವೇ ಬಂದ್ರಾ ಮಾವ? ಸರಿ, ಗೋಡೆ ಕಡೆ ಮಲಗಿ, ಬಾಗಿಲ ಕಡೆ ಗಾಳಿ ಜಾಸ್ತಿ,” ಎಂದ. ಇಬ್ಬರೂ ನಕ್ಕರು.

ಮೂರನೇ ಸೋಮವಾರ ತಂಗಿ ಎರಡು ಚೀಲ ಹಿಡಿದು ಬಂದಳು. ಒಂದು ಅತ್ತಿಗೆ ಕಟ್ಟಿಕೊಟ್ಟದ್ದು. ಅಂಗಿಗಳ ನಡುವೆ ಬೈಗುಳವಿಲ್ಲದ ಒಂದು ಚೀಟಿ, ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ಅಂದು ಮುಖ ನೋಡಲು ಬಿಡುವ ದಿನ. ಜಾಲರಿಯ ಆಚೆಯಿಂದ ತಂಗಿ ಹೇಳಿದಳು: “ಗೋಡೆ ಮೇಲಿನ ಹದಿನಾಲ್ಕನೇ ನಿಯಮಕ್ಕೆ ಸುಣ್ಣ ಹೊಡೆದಿದಾರಣ್ಣ.”

“ಬೋರ್ಡಿಗೆ ಹೊಸಬ ಬಂದನಾ? ಕೈ ಹೇಗಿದೆ? ಮೊದಲ ಕೋಟು ಒಣಗೋಕೆ ಬಿಡ್ತಾನಾ?” ಕೇಳುವಾಗ ಕೆಂಪಣ್ಣನ ದನಿಯಲ್ಲಿ ಆಸೆಯಿತ್ತು. ಅವಸರದಲ್ಲಿ ಬಳಿದ ಕೆಂಪನ್ನು ಬಿಸಿಲು ನಾಲ್ಕೈದು ವರ್ಷದಲ್ಲಿ ತಿಂದುಹಾಕುತ್ತದೆ. ಬಿಸಿಲನ್ನು ಯಾರೂ ಹಿಡಿದು ಒಳಗೆ ಹಾಕಲಾರರು.

“ಬಣ್ಣ ಇಲ್ಲಣ್ಣ ಈಗ. ತಗಡು ಇಳಿಸಿ ಕೆಂಪು ಗಾಜು ಕೂರಿಸಿದಾರೆ. ಒಳಗೆ ದೀಪ. ಹಗಲೂ ರಾತ್ರಿ ಉರಿಯುತ್ತೆ. ಮಾಸೋದೇ ಇಲ್ಲವಂತೆ.”

ಕೆಂಪಣ್ಣ ಜಾಲರಿಗೆ ಆನಿಸಿದ್ದ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡ.

ಅಂದು ಸಂಜೆ ಹೊತ್ತು ಇಳಿಯುತ್ತಿದ್ದಂತೆ ಗೇಟಿನ ಕಡೆಯ ಗವಾಕ್ಷಿಯಿಂದ ತೆಳ್ಳನೆಯ ಬೆಳಕೊಂದು ಬಂದು ಗೋಡೆಯ ಮೇಲೆ ಕೂತಿತು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನ ಉಗುರುಗಳು ಬೆಳ್ಳಗಾಗಿದ್ದವು. ತಂಗಿ ಜಾಲರಿಯಲ್ಲೇ ಅದನ್ನು ಗಮನಿಸಿ ಹೇಳಿದ್ದಳು. ಈಗ ಕೈ ಮುಂದೆ ಚಾಚಿ ನೋಡಿಕೊಂಡ. ಹತ್ತಕ್ಕೆ ಹತ್ತೂ ಕೆಂಪು.

“ಮಾವ,” ಎಂದ ಅಳಿಯ ಕತ್ತಲ ಕಡೆಯಿಂದ, “ಗಾಜಿಗೆ ಎಷ್ಟು ಚಮಚ ಹಳದಿ ಬೇಕಾಗುತ್ತೆ?”

ಕೆಂಪಣ್ಣ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡ. ಬೆಳಕು ಮುಷ್ಟಿಯ ಮೇಲೆ ಹಾಗೇ ಕೂತಿತ್ತು.