ಸಿಪಾಯಿಯ ಎಡಗೈ

ನಮ್ಮ ಕಾಲೇಜಿನ ಚರಿತ್ರೆ ಮೇಷ್ಟ್ರಿಗೆ ಅಗೆಯಲು ಒಂದು ಹಳೇ ಪಟ್ಟಣವೇ ಬೇಕಿತ್ತು. ವಿದ್ಯಾರ್ಥಿಗಳ ಕೈಗೆ ಹಾರೆ ಕೊಟ್ಟರೆ ಪಟ್ಟಣ ಉಳಿಯುವುದಿಲ್ಲವೆಂದು ಮೇಲಿನವರಿಗೆ ಗೊತ್ತಿತ್ತು. ಆದ್ದರಿಂದ ಹಾಳು ಮಾಡಿದರೂ ಯಾರೂ ಕೇಳದಂಥ ಜಾಗ ಹುಡುಕಿ ಕೊಟ್ಟರು. ಮದ್ದೂರಿನಿಂದ ವೈದ್ಯನಾಥಪುರಕ್ಕೆ ಹೋಗುವ ದಾರಿಯಲ್ಲಿ ಹಿಂದೊಮ್ಮೆ ಪ್ಲೇಗಿನ ಆಸ್ಪತ್ರೆಯಿತ್ತು. ಅದರ ಹಿತ್ತಲಿನ ಸ್ಮಶಾನ ನಮ್ಮ ಪಾಲಿಗೆ ಬಂತು. ಮೂವತ್ತು ವರ್ಷದ ಹೆಣವೂ ಇತಿಹಾಸವೇ ಎಂದು ಒಬ್ಬ ಕೇಳಿದ. “ಅಭ್ಯಾಸಕ್ಕೆ ಸಾಕು” ಎಂದರು ಮೇಷ್ಟ್ರು.

ಯುದ್ಧದ ಕಾಲ. ಅಕ್ಕಿಗೆ ಬರ, ಸೀಮೆಎಣ್ಣೆಗೆ ಬರ, ಮೂಳೆಗೆ ಮಾತ್ರ ಬರವಿರಲಿಲ್ಲ. ನಾವು ಎಂಟು ಜನ, ಎಲ್ಲರೂ ಜನಿವಾರದವರು. ಮೂಳೆ ಮುಟ್ಟಿದರೆ ಮೈಲಿಗೆ, ಸ್ನಾನ ಮಾಡದೆ ಊಟವಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಶಿಂಷೆಗೆ ಓಡಿ ಮುಳುಗೆದ್ದು ಬರುತ್ತಿದ್ದೆವು. ಆ ತಿಂಗಳಲ್ಲಿ ಅಗೆಯುವುದಕ್ಕಿಂತ ಈಜುವುದನ್ನೇ ಚೆನ್ನಾಗಿ ಕಲಿತೆವು. ಮೇಷ್ಟ್ರಿಗೆ ಆ ತೊಂದರೆ ಇರಲಿಲ್ಲ. ಅವರು ದೂರ ನಿಂತು ಛತ್ರಿಯ ತುದಿಯಿಂದ ಪಾಠ ಹೇಳುತ್ತಿದ್ದರು.

ಮೇಲ್ಮಣ್ಣು ತೆಗೆಯಲು ಸುತ್ತಲಿನ ಹಳ್ಳಿಗಳಿಂದ ಕೂಲಿಯವರು ಬರುತ್ತಿದ್ದರು. ಮೂಳೆ ಕಾಣುವ ಹೊತ್ತಿಗೆ ಅವರನ್ನು ಆಚೆ ಕಳಿಸಿ, ಗುಂಡಿಯ ಸುತ್ತ ತಡಿಕೆ ನಿಲ್ಲಿಸುತ್ತಿದ್ದೆವು. ಹಳ್ಳಿಯವರು ಹೆದರುತ್ತಾರೆಂದು ಮೇಷ್ಟ್ರ ಅಪ್ಪಣೆ. ಹೆದರುತ್ತಿದ್ದವರು ನಾವು, ಅದು ಬೇರೆ ಮಾತು.

ನನ್ನ ಗುಂಡಿಯ ಮಣ್ಣು ಹೊರುತ್ತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು. ನಾನು ಮಂಡ್ಯದ ಗುತ್ತಲಿನವನೆಂದು ತಿಳಿದ ಮೇಲೆ, ಮಂಕರಿ ಕೆಳಗಿಟ್ಟು ಮಾತಾಡಿಸಿದಳು.

“ನಮ್ಮವ್ವನ್ನೂ ಇಲ್ಲೇ ಊತವ್ರೆ ಕಣ್ ಸ್ವಾಮಿ. ಪ್ಲೇಗು ಅಂತ ಗಾಡಿಲಿ ತಂದ್ರು, ನಾನಾಗ ಇಸ್ಟುದ್ದ ಇದ್ದೆ. ಎಲ್ ಊತ್ರೋ ಯಾರೂ ಯೋಳ್ನಿಲ್ಲ. ಆಲುತುಪ್ಪ ಬುಡಾಕೂ ಜಾಗ ಗೊತ್ತಿಲ್ಲ.”

ಮಣ್ಣು ಮಾಡಿದ ಮೂರನೇ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಡದಿದ್ದರೆ ಸತ್ತವರು ಹಸಿದೇ ಇರುತ್ತಾರೆ ಎಂದು ಅವರ ಕಡೆ ನಂಬಿಕೆ. ಅವಳ ತಾಯಿ ಮೂವತ್ತು ವರ್ಷದಿಂದ ಹಸಿದಿದ್ದಳು.

“ಗುರುತು ಯೋಳ್ತೀನಿ. ಅಲಸಿನ ಮರದಿಂದ ಬಿದ್ದು ಎಡಗೈ ಮುರ್ದಿತ್ತು. ಕಟ್ಟಿದ್ದು ಸೊಟ್ಟಗೇ ಕೂತ್ಕತ್ತು. ಸೊಟ್ಟ ಕೈ ಸಿಕ್ರೆ ಒಂದ್ ಮಾತು ಯೋಳಿ ಸ್ವಾಮಿ.”

ಹೇಳುತ್ತೇನೆಂದೆ. ಮಾತು ಕೊಡುವುದಕ್ಕೆ ಸ್ನಾನವೇನೂ ಬೇಕಿರಲಿಲ್ಲವಲ್ಲ.

ಮೂರನೇ ವಾರ ನನ್ನ ಗುಂಡಿಯಲ್ಲಿ ಉದ್ದನೆಯ, ದಪ್ಪ ಮೂಳೆಗಳ ಅಸ್ಥಿಪಂಜರ ಸಿಕ್ಕಿತು. ಕೈಗಳಿನ್ನೂ ಮಣ್ಣಿನಲ್ಲಿರುವಾಗಲೇ ಚೀಟಿಯಲ್ಲಿ “ಗಂಡಸು” ಎಂದು ಬರೆದುಬಿಟ್ಟೆ. ಇಷ್ಟು ಗಟ್ಟಿಮುಟ್ಟಾದ ಹೆಂಗಸು ನಮ್ಮ ಪುಸ್ತಕದಲ್ಲಿರಲಿಲ್ಲ. ಮಧ್ಯಾಹ್ನ ಎಡಗೈಯ ಮಣ್ಣು ಬಿಡಿಸಿದರೆ ಮುಂಗೈ ಮೂಳೆ ಸೊಟ್ಟ. ಮೇಷ್ಟ್ರು ಛತ್ರಿ ಚಾಚಿ ನೋಡಿ ಕುಣಿದಾಡಿಬಿಟ್ಟರು. ಕತ್ತಿಯ ಏಟಿಗೆ ಕೈ ಅಡ್ಡ ಕೊಟ್ಟ ಸಿಪಾಯಿ, ಆಸ್ಪತ್ರೆಯ ಕಾವಲಿಗಿದ್ದವನು ಎಂದು ಅಲ್ಲೇ ತೀರ್ಮಾನವಾಯಿತು. ಪ್ಲೇಗಿನ ಆಸ್ಪತ್ರೆಯಲ್ಲಿ ಯಾರು ಯಾರ ಮೇಲೆ ಕತ್ತಿ ಎತ್ತಿದರೋ, ಎಂಟು ಜನ ಬುದ್ಧಿವಂತರಲ್ಲಿ ಒಬ್ಬರೂ ಕೇಳಲಿಲ್ಲ. ಮೇಷ್ಟ್ರು ಎಲ್ಲರೆದುರು ನನ್ನನ್ನು ಹೊಗಳಿ, ಮೊದಲನೇ ದರ್ಜೆ ಗ್ಯಾರಂಟಿ ಎಂದರು.

ಮಾರನೇ ದಿನ ಅದೇ ಮುಂಗೈಯ ಕೆಳಗೆ ಎರಡು ಚೂರು ಹಸಿರು ಗಾಜಿನ ಬಳೆ ಸಿಕ್ಕವು. ನಾನು ಅವನ್ನು ಜೇಬಿಗೆ ಹಾಕಿಕೊಂಡೆ. ಸಿಪಾಯಿಗೆ ಬಳೆ ತೊಡಿಸಿದರೆ ನನ್ನ ದರ್ಜೆಯ ಗತಿ ಏನು?

ಸಂಜೆ ತಡಿಕೆಯ ಆಚೆಯಿಂದ ಅವಳು ಕೇಳಿದಳು, “ಸೊಟ್ಟ ಕೈ ಸಿಕ್ತಾ ಸ್ವಾಮಿ?”

“ಇಲ್ಲಮ್ಮ.”

ಆಮೇಲೆ ದಿನಾ ಕೇಳಿದಳು, ದಿನಾ ಇಲ್ಲವೆಂದೆ. ಒಂದು ವಾರದಲ್ಲಿ ಆ ಸುಳ್ಳು ನನಗೆ ಎಷ್ಟು ರೂಢಿಯಾಯಿತೆಂದರೆ ಅವಳು ಕೇಳುವ ಮುಂಚೆಯೇ ತಲೆ ಆಡಿಸುತ್ತಿದ್ದೆ.

ಕೊನೆಯ ದಿನ ಮೂಳೆಗಳನ್ನು ಪೆಟ್ಟಿಗೆಗಳಿಗೆ ತುಂಬಿ ಮೊಳೆ ಹೊಡೆದೆವು. ಅವಳು ಒಂದು ಚೊಂಬು ಹಾಲು, ಎಲೆಯ ದೊನ್ನೆಯಲ್ಲಿ ತುಪ್ಪ ಹಿಡಿದು ಬಂದಿದ್ದಳು. ಕೊನೇ ದಿನವಾದರೂ ತಾಯಿ ಸಿಕ್ಕಾಳೆಂಬ ಆಸೆ. ಸಿಗಲಿಲ್ಲವೆಂದೆ. ಅವಳು ಚೊಂಬನ್ನು ನಮ್ಮ ಮುಂದೆ ಇಟ್ಟಳು.

“ಓಗ್ಲಿ ಬುಡಿ. ಆಲು ಕೆಟ್ಟೋಯ್ತದೆ, ನೀವಾದ್ರೂ ಕುಡೀರಿ.”

ಅವಳ ಕೈಯ ನೀರು ನಮಗೆ ನಿಷಿದ್ಧ, ಹಾಲಿಗೆ ಮೈಲಿಗೆ ಇಲ್ಲ. ನಮ್ಮ ಶಾಸ್ತ್ರಕ್ಕೆ ಹಾಲಿಲ್ಲದ ಕಾಫಿಯ ಕಷ್ಟ ಗೊತ್ತು. ಮೇಷ್ಟ್ರು ಎರಡು ಲೋಟ ಕುಡಿದರು. ನನ್ನ ಲೋಟವನ್ನು ನಾನೂ ಕುಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆವತ್ತು ಮಾತ್ರ ಸಲೀಸಾಗಿ ಇಳಿಯಿತು.

ಮೂಳೆಪೆಟ್ಟಿಗೆ ಮುಟ್ಟುವುದಿಲ್ಲವೆಂದು ಉಳಿದ ಕೂಲಿಯವರು ಹೊರಟುಹೋದರು. ಅವಳೊಬ್ಬಳು ಸೆರಗನ್ನು ಸಿಂಬಿ ಸುತ್ತಿ ಮುಂದೆ ಬಂದಳು. ರಸ್ತೆಯಲ್ಲಿ ನಿಂತ ಗಾಡಿಗೆ ಒಂದೊಂದಾಗಿ ಹೊತ್ತು ಹಾಕಿದಳು. ನನ್ನ ಗುಂಡಿಯ ಮೂಳೆಗಳಿದ್ದ ಪೆಟ್ಟಿಗೆಯನ್ನು ಅವಳ ತಲೆಯ ಮೇಲೆ ಎತ್ತಿಟ್ಟವನು ನಾನೇ.

“ಅಗುರ್ವಾಗದೆ. ಯಾರ್ದು ಸ್ವಾಮಿ ಇದು?”

“ಒಬ್ಬ ಸಿಪಾಯೀದು.”

ಬಿದ್ದೀತೆಂದು ಎರಡು ಕೈಯಲ್ಲೂ ಪೆಟ್ಟಿಗೆಯನ್ನು ಹಿಡಿದುಕೊಂಡು ಅವಳು ನಡೆದಳು.

“ಪಾಪ, ಇವನ್ಗೂ ಯಾರೂ ಆಲುತುಪ್ಪ ಬುಟ್ಟಿರಾಕಿಲ್ಲ. ಮೊದ್ಲೇ ಯೋಳಿದ್ರೆ ಇವನ್ಗಾದ್ರೂ ಬುಡ್ತಿದ್ದೆ.”