ಕಾಕಾ ಮಣ್ಣು ವಾಪಸ್ ಕೇಳಲು ಬಂದ ದಿನ

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ ಒಂದು ಮುಂಜಾನೆ ನಮ್ಮ ಕಾಕಾ ಬುಟ್ಟಿ, ಸಲಿಕೆ ಹಿಡಿದುಕೊಂಡು ನಮ್ಮ ಹೊಲಕ್ಕೆ ನುಗ್ಗಿದ. ಅವನ ಮಣ್ಣು ಅವನಿಗೆ ವಾಪಸ್ ಬೇಕಂತೆ!

ಕಾಕಾ ಅಂದರೆ ಅಪ್ಪನ ತಮ್ಮ. ಮೊಗುಡಂಪಲ್ಲಿ ಕಡೆಯ ಗುಡ್ಡದ ಇಳಿಜಾರಿನಲ್ಲಿ ಮೇಲಿನ ಕೆಂಪು ಹೊಲ ಅವನದು, ಕೆಳಗಿನ ಕಪ್ಪು ಹೊಲ ನಮ್ಮದು. ಅಜ್ಜ ಮೇಲಿನ ಹೊಲದಲ್ಲಿ ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಒಡ್ಡು ಹಾಕಿದ್ದ. ಓಡುವ ನೀರು ಅಲ್ಲಿ ನಿಲ್ಲುತ್ತಿತ್ತು, ಮಣ್ಣೂ ನಿಲ್ಲುತ್ತಿತ್ತು. ಪಾಲಾದ ಮೇಲೆ ಕಾಕಾ ಆ ಒಡ್ಡು ಕಿತ್ತ. ಎರಡು ಸಾಲಿನ ಜಾಗ ತಿನ್ನುತ್ತದೆ ಅಂತ. ಕಲ್ಲೆಲ್ಲ ಅವನ ದನದ ಕೊಟ್ಟಿಗೆಗೆ ಹೋದವು. ಆಮೇಲೆ ಎತ್ತು ಹೂಡಿ ಮೇಲಿಂದ ಕೆಳಗೆ ನೆಟ್ಟಗೆ ಉತ್ತ. ಬೇಡ ಅಂದ ಅಪ್ಪನಿಗೆ ಬೈದ.

ಆರಿದ್ರಾ ಮಳೆ ಒಂದೇ ಸಂಜೆ ಸುರಿಯಿತು. ದಪ್ಪ ದಪ್ಪ ಹನಿ. ಬಿದ್ದಲ್ಲೆಲ್ಲ ಮಣ್ಣು ಸಿಡಿಯುತ್ತಿತ್ತು. ಆ ನೆಟ್ಟಗಿನ ಸಾಲುಗಳು ಕಾಲುವೆಗಳಾದವು. ಬೆಳಗ್ಗೆ ನೋಡಿದರೆ, ಮೂರು ಬೆರಳು ಎತ್ತರ ಬಂದಿದ್ದ ನಮ್ಮ ಹೆಸರುಕಾಳಿನ ಬೆಳೆಯ ಮೇಲೆ ಕೆಂಪು ಮಣ್ಣು, ಹರಳು. ಒಂದು ಎಲೆಯೂ ಕಾಣಲಿಲ್ಲ.

"ಅಣ್ಣಾ, ನನ್ನ ಮಣ್ಣು ನಿನ್ನ ಹೊಲದಾಗ ಬಿದ್ದದ. ಒಯ್ತೀನಿ," ಅಂದ ಕಾಕಾ.

"ಒಯ್ಯಿ. ಅದರ ಬುಡಕ ನನ್ನ ಹೆಸರು ಸತ್ತದ. ಅದಕ್ಕೂ ಜೀವಾ ತುಂಬಿ ಹೋಗು," ಅಂದ ಅಪ್ಪ.

"ಮಳಿ ನಾ ಕರದಿದ್ನೇನು?"

"ಮಳಿ ನೀ ಕರೀಲಿಲ್ಲ. ದಾರಿ ನೀ ಮಾಡಿಕೊಟ್ಟಿ."

ಕಾಕಾ ಹಟಮಾರಿ. ಬುಟ್ಟಿ ತುಂಬಿದ, ಹೊತ್ತ, ಏರಿದ, ಸುರಿದ. ಹೊತ್ತು ನೆತ್ತಿಗೆ ಬರುವವರೆಗೆ ಇದೇ. ಅಷ್ಟರಲ್ಲಿ ಅಕ್ಕ ರೊಟ್ಟಿ ಗಂಟು, ನೀರಿನ ಕೊಡ ತಂದಳು. ಅವಳಿಗೆ ಅಪ್ಪನಿಗಿಂತ ಸಿಟ್ಟು ಜಾಸ್ತಿ. ಸೀದಾ ಮೇಲೆ ಹತ್ತಿ ಕಾಕಾ ಹಾಕಿದ್ದ ಗುಡ್ಡೆಯ ಮೇಲೆ ಕೊಡ ಬೋರಲು ಹಾಕಿದಳು. ಕೆಂಪು ನೀರು ಸಾಲು ಹಿಡಿದು, ಕಾಕಾನ ಕಾಲಸಂದಿಯಿಂದ ಕೆಳಗೆ ಓಡಿತು.

"ಕಾಕಾ, ನಿಮ್ಮ ಮಣ್ಣಿಗೇ ನಿಮ್ಮಲ್ಲಿ ಇರಾಕ ಮನಸಿಲ್ಲ ನೋಡ್ರಿ!"

ಕಾಕಾ ಬುಟ್ಟಿ ಬೀಸಿ ಒಗೆದ. ಅಕ್ಕನ ಮೊಣಕಾಲು ಒಡೆದು ರಕ್ತ ಬಂತು.

ಅಪ್ಪ ಅವತ್ತೇ ನಮ್ಮ ಗಡಿಯಲ್ಲಿ, ಇಳಿಜಾರಿಗೆ ಅಡ್ಡವಾಗಿ, ಕಲ್ಲು ಜೋಡಿಸತೊಡಗಿದ. ನಾವೂ ಹೊತ್ತೆವು. ನನ್ನ ಬೆರಳು ಸುಲಿದವು. "ಅವನ ಹೊಲದ ಒಂದು ಹರಳು ಭೀ ಈ ಕಡಿ ಬರಬಾರ್ದು," ಅಂದ.

ಮುಂದಿನ ಮಳೆಗೆ ಕಾಕಾನ ಮಣ್ಣು ಮತ್ತೆ ಇಳಿಯಿತು. ನಮ್ಮ ಒಡ್ಡಿಗೆ ಬಡಿದು ನಿಂತಿತು. ಅವನ ಹೊಲದಲ್ಲೇ! ಮೇಲೆಲ್ಲ ಬರೀ ಕಲ್ಲೆದ್ದ ಆ ಹೊಲದಲ್ಲಿ ಜೋಳ ಎದೆಯುದ್ದ ಬಂದದ್ದು ಒಡ್ಡಿನ ಪಕ್ಕ ಮಾತ್ರ. ಅಪ್ಪ ಸಿಟ್ಟಿಗೆ ಕಟ್ಟಿದ್ದು ಕಾಕಾನ ಹೊಟ್ಟೆ ತುಂಬಿಸಿತು. ಆದರೂ ಇಬ್ಬರೂ ಸಾಯುವವರೆಗೆ ಮಾತಾಡಲಿಲ್ಲ.

ಈಗ ಎರಡೂ ಹೊಲ ನಾವೇ ಮಾಡುತ್ತೇವೆ. ಟ್ರ್ಯಾಕ್ಟರ್ ತಿರುಗುವುದಿಲ್ಲ ಅಂತ ನಿಮ್ಮಪ್ಪ ಆ ಒಡ್ಡು ಕೀಳಿಸಿದ. ಬೇಡ ಅಂದ ನನಗೆ ಬೈದ. ಮೇಲಿಂದ ಕೆಳಗೆ ನೆಟ್ಟಗೆ ಹೊಡೆಸಿದ, ಒಂದು ತಾಸಿನಲ್ಲಿ ಕೆಲಸ ಖತಂ. ಮೊನ್ನೆ ಮಳೆ ಬಂದಾಗ ಕೆಳಗಿನ ಡಾಂಬರು ರಸ್ತೆಯಲ್ಲಿ ನಿಮ್ಮ ಸೈಕಲ್ ಜಾರಿತು. ಕೆಂಪು ರಾಡಿಗೆ ಬೈಯುತ್ತ ಬೂಟು ತೊಳೆದಿರಿ. ನಮ್ಮ ಕಾಲಿಗೆ ಬೂಟು ಇರಲಿಲ್ಲ. ಆದರೆ ಬುಟ್ಟಿ ಮಣ್ಣಿಗೆ ಅಣ್ಣತಮ್ಮಂದಿರು ಕಚ್ಚಾಡುತ್ತಿದ್ದರು. ನೀವು ಮೊನ್ನೆ ಬಚ್ಚಲಿಗೆ ಬಿಟ್ಟದ್ದು ನಿಮ್ಮದೇ ಹೊಲ.