ಬೂಟಿನ ಮೂತಿ

ಚುನ್‌ಗಿಲ್ ನಮ್ಮ ಗಣಿಯೂರಿಗೆ ಬಂದ ದಿನ ಎಂಥ ಹಿಮ ಬಿದ್ದಿತ್ತೆಂದರೆ, ರೈಲಿಗೆ ನಮ್ಮ ನಿಲ್ದಾಣವೇ ಸಿಗದೆ ಅದು ಮುಂದಿನ ಊರಿಗೆ ಹೋಗಿ, ಅಲ್ಲಿ ದಾರಿ ಕೇಳಿಕೊಂಡು ಹಿಂದಕ್ಕೆ ಬಂದಿತ್ತು. ನಂಬಿಕೆ ಬಾರದವರು ಚುನ್‌ಗಿಲ್‌ನನ್ನೇ ಕೇಳಬಹುದು. ಅವನು ಇನ್ನೂ ಎರಡು ಊರು ಸೇರಿಸಿ ಹೇಳುತ್ತಾನೆ. ಕಿಮ್ಜೆಯ ಕಡೆಯ ಬಯಲಿನವನು, ಭತ್ತದ ಗದ್ದೆಯಲ್ಲಿ ಬೆಳೆದವನು. ಒಂದಷ್ಟು ದಿನ ಕಲ್ಲಿದ್ದಲು ಅಗೆದು, ಒಂದು ಎತ್ತು ಕೊಂಡುಕೊಂಡು ವಾಪಸ್ ಬರುತ್ತೇನೆಂದು ತಾಯಿಗೆ ಹೇಳಿ ಥೇಬೆಕ್ ಬೆಟ್ಟ ಹತ್ತಿದ್ದ. ಎತ್ತೂ ಬರಲಿಲ್ಲ, ಇವನೂ ಹೋಗಲಿಲ್ಲ. ಕೊನೆಗೆ ಗಣಿಯೇ ಮುಚ್ಚಿಹೋಯಿತು, ಚುನ್‌ಗಿಲ್ ಉಳಿದುಕೊಂಡ.

ಆಗ ನಮ್ಮ ಹೊಳೆ ಕಪ್ಪಗಿತ್ತು, ಒಣಹಾಕಿದ ಬಟ್ಟೆ ಕಪ್ಪಗಿತ್ತು, ಹಿಮ ಕೂಡ ನೆಲ ಮುಟ್ಟುವ ಮೊದಲೇ ಕಪ್ಪಾಗುತ್ತಿತ್ತು. ನಾವು ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದರೆ ಕಾಗೆಗಳು ನೆಂಟರು ಬಂದರೆಂದು ಕೂಗುತ್ತಿದ್ದವು. ಕಣಿವೆಯಲ್ಲಿ ಜಾಗ ಸಾಲದೆ ಹೊಳೆಯೊಳಗೇ ಕಂಬ ಊರಿ ಮನೆ ಕಟ್ಟಿಕೊಂಡಿದ್ದೆವು. ಸಾಲಿನ ಮೊದಲ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿ ಕಾಲು ಅಪ್ಪಳಿಸಿದರೆ ಕೊನೆಯ ಮನೆಯಲ್ಲಿ ಸಾರು ಚೆಲ್ಲುತ್ತಿತ್ತು. ಈಗ ಹೊಳೆಯಲ್ಲಿ ಮೀನು ಕಾಣುತ್ತದೆ. ಬೆಟ್ಟದ ನೆತ್ತಿಯಲ್ಲಿ ಎಲೆಕೋಸಿನ ಹೊಲ, ಅದರ ಮೇಲೆ ತಿರುಗುವ ದೊಡ್ಡ ಗಾಳಿಯಂತ್ರಗಳು. ಇವನ್ನೆಲ್ಲ ನೋಡಲು ಸಿಯೋಲ್‌ನಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ನಾವು ಯಾವುದನ್ನು ನೋಡಿ ಓಡಿಹೋಗಬೇಕು ಅಂತಿದ್ದೆವೋ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಳೆಯ ಗಣಿಯೊಳಗೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಪುಟ್ಟ ರೈಲಿಗೆ ಚುನ್‌ಗಿಲ್‌ನೇ ಯಜಮಾನ. ಒಳಗೆ ಹೋದಮೇಲೆ ದೀಪವೆಲ್ಲ ಆರಿಸಿ, "ನೋಡಿ, ಇದು ಅಸಲಿ ಕತ್ತಲೆ. ಸಿಯೋಲ್‌ನಲ್ಲಿ ಸಿಗೋದೆಲ್ಲ ಕಲಬೆರಕೆ" ಎನ್ನುತ್ತಾನೆ. ಯಾರಾದರೂ ಶಿಳ್ಳೆ ಹಾಕಿದರೋ, ರೈಲು ನಿಂತಿತೆಂದೇ ಲೆಕ್ಕ. ಗಣಿಯೊಳಗೆ ಶಿಳ್ಳೆ ಹಾಕಿದರೆ ಚಾವಣಿಗೆ ಸಿಟ್ಟು ಬರುತ್ತದೆ. ಶಿಳ್ಳೆ ಹಾಕಿದವನು ಚಾವಣಿಗೆ ಕೈಮುಗಿದು ತಪ್ಪಾಯಿತು ಅನ್ನುವವರೆಗೆ ರೈಲು ಕದಲದು. ಒಮ್ಮೆ ಒಬ್ಬ ದೊಡ್ಡ ವಕೀಲ ಚಾವಣಿಯ ಜೊತೆಗೇ ವಾದಕ್ಕೆ ನಿಂತು, ಮಧ್ಯಾಹ್ನದ ಊಟ ಕಳೆದುಕೊಂಡ.

ಗಣಿಯಿಂದ ಹೊರಬಂದ ಚುನ್‌ಗಿಲ್ ನೇರ ಹೋಗುವುದು ಓಕ್‌ಬುನ್‌ಳ ಅಂಗಡಿಗೆ. ಓಕ್‌ಬುನ್ ಗಂಡನನ್ನು ಗಣಿಗೆ ಕೊಟ್ಟವಳು. ಆಮೇಲೆ ಅದೇ ಗಣಿಯಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸ ಮಾಡಿದಳು. ಈಗ ಹೊಳೆಯ ಮೇಲಿನ ಆ ಕಂಬದ ಮನೆಯೊಂದರಲ್ಲಿ ಕೋಳಿ ಸಾರು ಮಾಡಿ ಮಾರುತ್ತಾಳೆ. ನೀರು ಧಾರಾಳವಾಗಿರುವ, ಖಾರ ಅದಕ್ಕಿಂತ ಧಾರಾಳವಾಗಿರುವ ಸಾರು. ಗಂಟಲಲ್ಲಿ ಕೂತ ಗಣಿಯ ಧೂಳನ್ನು ತೊಳೆಯಲೆಂದೇ ಹುಟ್ಟಿದ್ದು. ಅದನ್ನು ಕುಡಿದು ನಮ್ಮೂರ ಮೂಗನೊಬ್ಬ ಮಾತಾಡಿದ್ದಾನೆ. ಏನು ಮಾತಾಡಿದ ಎಂಬುದನ್ನು ಬರೆಯುವಂತಿಲ್ಲ.

ಇನ್ನು ಬೂಟಿನ ವಿಷಯ. ನಮ್ಮಲ್ಲಿ ಮೆಟ್ಟಿಲ ಬಳಿ ಬೂಟು ಬಿಟ್ಟು ಜಗಲಿ ಹತ್ತುತ್ತಾರೆ. ಬಂದವರು ನೆಂಟರಾದರೆ, ಹೋಗುವಾಗ ಸುಲಭವಾಗಲೆಂದು ಮನೆಯಾಕೆ ಬೂಟಿನ ಮೂತಿಯನ್ನು ಹೊರಕ್ಕೆ ತಿರುಗಿಸಿಡುತ್ತಾಳೆ. ಅದು ಮರ್ಯಾದೆ. ಮನೆಯ ಗಂಡಸಿನದು ಬೇರೆ. ಅವನು ಗಣಿಗೆ ಇಳಿದಿರುವಾಗ ಮನೆಯಲ್ಲಿ ಉಳಿದ ಅವನ ಬೂಟಿನ ಮೂತಿ ಕೋಣೆಯ ಕಡೆಗೇ ಇರಬೇಕು. ಬೂಟು ಒಳಕ್ಕೆ ನೋಡುತ್ತಿದ್ದರೆ ಮನುಷ್ಯನೂ ಒಳಕ್ಕೆ ಬರುತ್ತಾನೆ. ಹಾಗಾಗಿ ನಮ್ಮೂರಲ್ಲಿ ಯಾರು ಮನೆಯವರು, ಯಾರು ಹೊರಗಿನವರು ಎಂದು ಬಾಗಿಲು ಬಡಿದು ಕೇಳಬೇಕಿಲ್ಲ. ಮೆಟ್ಟಿಲು ನೋಡಿದರೆ ಸಾಕು.

ಚುನ್‌ಗಿಲ್ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಾಗಲೆಲ್ಲ ಕಿವಿಯೊಳಗಿನ ಕಪ್ಪು ಇವನಿಗಿಂತ ಮೊದಲು ಮಾತಾಡಿಬಿಡುತ್ತಿತ್ತು. ಒಂದು ಇಡೀ ಆಯುಸ್ಸು ನೆಲದಡಿ ಇಳಿದು ಹತ್ತಿದ ಅವನ ಬೂಟನ್ನು ಒಮ್ಮೆಯೂ ಯಾರೂ ಒಳಕ್ಕೆ ತಿರುಗಿಸಿರಲಿಲ್ಲ. ಓಕ್‌ಬುನ್ ತಿರುಗಿಸುತ್ತಾಳೆಂದು ಅವನು ಕಾಯುತ್ತಿದ್ದ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲ. ಸಿಡಿಮದ್ದು ಕಂಕುಳಲ್ಲಿಟ್ಟುಕೊಂಡು ನಿದ್ದೆ ಮಾಡಿದವನಿಗೆ ಆ ಹೆಂಗಸಿನ ಸೌಟು ಕಂಡರೆ ನಾಲಿಗೆ ಏಳುತ್ತಿರಲಿಲ್ಲ. ಪ್ರತಿದಿನ ಊಟ ಮುಗಿಸಿ ಮೆಟ್ಟಿಲಿಗೆ ಬಂದಾಗ ಬೂಟು ಹೊರಕ್ಕೆ ಮೂತಿ ಮಾಡಿಕೊಂಡು, ನಡಿಯಪ್ಪ ಅನ್ನುವಂತೆ ನಿಂತಿರುತ್ತಿತ್ತು.

"ಇವತ್ತೂ ಹೊರಗೇ ಕಣೋ," ಎಂದು ನನ್ನ ಬಳಿ ಅಳುತ್ತಿದ್ದ.

"ಒಳ್ಳೇದಾಯ್ತಲ್ಲ, ಬೇಗ ಮೆಟ್ಕೊಂಡು ಓಡಬಹುದು."

"ಓಡೋ ಕಾಲೇನೋ ಇದು?"

ಒಮ್ಮೆ ತಾನೇ ಕದ್ದು ಒಳಕ್ಕೆ ತಿರುಗಿಸಿಟ್ಟ. ಊಟ ಮುಗಿಸಿ ಬರುವಷ್ಟರಲ್ಲಿ ಅದು ಹೊರಕ್ಕೆ ತಿರುಗಿತ್ತು, ಮೇಲಾಗಿ ಒರೆಸಿಯೂ ಇತ್ತು.

ಹೋದ ವರ್ಷ ಎಲೆಕೋಸು ಕೊಯ್ಯುವ ಹೊತ್ತಿಗೆ ಗುಡ್ಡದ ಮೇಲಿನ ಹಳೇ ಗಣಿ ವಠಾರವನ್ನು ಕೆಡವುತ್ತಾರೆಂದು ಸುದ್ದಿ ಬಂತು. ಚುನ್‌ಗಿಲ್ ಇರುವುದು ಅಲ್ಲೇ. ಕಿಮ್ಜೆಯಿಂದ ಅವನ ತಮ್ಮನ ಮಗ ಫೋನ್ ಮಾಡಿ, "ಇಲ್ಲಿ ಕೋಣೆ ಖಾಲಿ ಇದೆ, ಬಂದುಬಿಡಿ ದೊಡ್ಡಪ್ಪಾ" ಎಂದ. ಚುನ್‌ಗಿಲ್ ನನ್ನ ಬಳಿ ಬಂದು ಕೂತ.

"ಹಿಮ ಬೀಳೋದ್ರೊಳಗೆ ಬೂಟು ತಿರುಗಿದ್ರೆ ಇರ್ತೀನಿ. ಇಲ್ದಿದ್ರೆ ಹೊರಟೆ."

"ಅವಳಿಗೆ ಹೇಳಿದ್ಯಾ ಇದನ್ನ?"

"ಹೇಳೋ ಹಾಗಿದ್ರೆ ಬೂಟು ಯಾಕೋ ಬೇಕಿತ್ತು?"

ಹೀಗಿರುವಾಗ ಒಂದು ಮಧ್ಯಾಹ್ನ ಬಸ್ಸಿನ ತುಂಬ ಪ್ರವಾಸಿಗರು ಬಂದರು. ಗಣಿ ತೋರಿಸಿ ಚುನ್‌ಗಿಲ್‌ನೇ ಅವರನ್ನು ಓಕ್‌ಬುನ್‌ಳ ಅಂಗಡಿಗೆ ಊಟಕ್ಕೆ ಕರೆತಂದ. ಜೊತೆಗೆ ಪ್ರವಾಸದ ಕಚೇರಿಯ ಹುಡುಗಿ ಸೇಜಿನ್ ಇದ್ದಳು. ನಗುಮುಖದ, ಕೈ ಸುಮ್ಮನಿರದ ಹುಡುಗಿ. ಅವರ ನಡುವೆ ನಾನೂ ಊಟಕ್ಕೆ ಕೂತಿದ್ದೆ. ಎಲ್ಲರೂ ಉಂಡರು, ಖಾರಕ್ಕೆ ಅತ್ತರು, ಮತ್ತೆ ಬಡಿಸಿಕೊಂಡರು. ಎಲ್ಲರಿಗಿಂತ ಮೊದಲು ಎದ್ದು ಮೆಟ್ಟಿಲಿಗೆ ಬಂದವನು ಚುನ್‌ಗಿಲ್. ಅವನ ಕಂದು ಬೂಟು ಮೂತಿ ಒಳಕ್ಕೆ ಮಾಡಿಕೊಂಡು ಅವನನ್ನೇ ನೋಡುತ್ತಿತ್ತು.

ಚುನ್‌ಗಿಲ್ ಕಂಬದಂತೆ ನಿಂತ. ಆಮೇಲೆ ತಿರುಗಿ, ಅಡುಗೆಮನೆಯ ಕಡೆ ಮುಖ ಮಾಡಿ, ಹಣೆ ನೆಲಕ್ಕೆ ತಾಗುವಂತೆ ನಮಸ್ಕಾರ ಹಾಕಿದ.

"ಅಕ್ಕಿ ಹೆಂಡ ತರಿಸ್ರಪ್ಪಾ! ಇಡೀ ಬಸ್ಸಿಗೆ ನನ್ನ ಕಡೆಯಿಂದ! ಇವತ್ತು ನಾನು ಮನೆಯವನಾದೆ!"

ಏನೆಂದು ಗೊತ್ತಿಲ್ಲದಿದ್ದರೂ ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಓಕ್‌ಬುನ್ ಸೌಟು ಹಿಡಿದೇ ಹೊರಗೆ ಬಂದಳು.

"ಅಣ್ಣಾ, ಏನಾಯ್ತು ಇವನಿಗೆ? ಸಾರು ತಲೆಗೇರ್ತಾ?" ಎಂದು ನನ್ನನ್ನು ಕೇಳಿದಳು.

ಅಷ್ಟರಲ್ಲಿ ನನ್ನ ಕಣ್ಣು ಮೆಟ್ಟಿಲ ಉದ್ದಕ್ಕೂ ಓಡಿತ್ತು. ಕೆಂಪು ಬೂಟು, ಹಿಮ್ಮಡಿ ಎತ್ತರದ ಚಪ್ಪಲಿ, ಮಕ್ಕಳದು, ಬಸ್ ಡ್ರೈವರನದು, ಎಲ್ಲವೂ ಮೂತಿ ಒಳಕ್ಕೆ ಮಾಡಿಕೊಂಡು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲಾಗಿದ್ದವು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಏನಮ್ಮಾ ಓಕ್‌ಬುನ್, ಇಡೀ ಬಸ್ಸನ್ನೇ ಕಟ್ಕೊಂಡ್ಯಾ? ಡ್ರೈವರನ್ನೂ ಸೇರಿಸಿ?"

ಸೇಜಿನ್ ಕೈ ಬಾಯಿಗೆ ಹೋಯಿತು. "ನಾನೇ ಅಜ್ಜಾ ತಿರುಗಿಸಿದ್ದು. ಗಣಿ ಮನೆಗಳಲ್ಲಿ ಹೀಗೇ ಇಡ್ತಿದ್ರಂತಲ್ಲ, ಎಲ್ರಿಗೂ ಖುಷಿಯಾಗ್ಲಿ ಅಂತ..."

ಚುನ್‌ಗಿಲ್‌ನ ಮುಖ ಬೆಳ್ಳಗಾಯಿತು. ಅವನು ಊರಿಗೆ ಬಂದ ಮೇಲೆ ಆ ಮುಖ ಬೆಳ್ಳಗಾದದ್ದು ಅದೇ ಮೊದಲು. ಹುಡುಗಿಯ ತಲೆ ಸವರಿ, "ನಿಂದೇನೂ ತಪ್ಪಿಲ್ಲ ಮಗಾ" ಎಂದ. ಒಳಕ್ಕೆ ಮೂತಿ ಮಾಡಿದ ಬೂಟಿಗೆ ಕಾಲು ತೂರಿಸಲು ಬೆನ್ನು ತಿರುಗಿಸಿ ಕುಣಿದು, ಒಂದು ಕಾಲಿನದು ಇನ್ನೊಂದಕ್ಕೆ ಹಾಕಿಕೊಂಡು ನಡೆದುಬಿಟ್ಟ. ಅವನ ಹಿಂದೆ ಇಡೀ ಬಸ್ಸಿನ ಜನ ಒಬ್ಬರ ಹಿಂಭಾಗ ಇನ್ನೊಬ್ಬರಿಗೆ ಗುದ್ದಿಕೊಂಡು ಬೂಟು ಹಾಕಿಕೊಂಡ ಚಂದವನ್ನು ನೋಡಿ ನಗಲು ನನಗೂ ಮನಸ್ಸಾಗಲಿಲ್ಲ.

ಮರುದಿನ ಚುನ್‌ಗಿಲ್ ಊಟಕ್ಕೆ ಬರಲಿಲ್ಲ. ಓಕ್‌ಬುನ್ ಸಾರಿಗೆ ನೀರು ಹೊಯ್ದಳು, ಕುದಿಸಿದಳು, ಮತ್ತೆ ಹೊಯ್ದಳು.

"ಎಲ್ಲಿ ಅವನು?"

"ಗಂಟು ಕಟ್ತಿದಾನೆ. ಕಿಮ್ಜೆಗೆ," ಎಂದೆ. ಆಮೇಲೆ ಬೂಟಿನ ಕಥೆ, ಹಿಮದ ಕಥೆ ಎಲ್ಲ ಹೇಳಿದೆ.

ಅವಳು ಏಪ್ರನ್ ಬಿಚ್ಚಿ ನನ್ನ ಹೆಗಲಿಗೆ ಎಸೆದು, ಗುಡ್ಡದ ಮೆಟ್ಟಿಲು ಹತ್ತತೊಡಗಿದಳು. ನಾನೂ ಹಿಂದೆ ಹೋದೆ. ನನ್ನ ಶ್ವಾಸಕೋಶದಲ್ಲಿರುವ ಕಲ್ಲಿದ್ದಲಿನಲ್ಲಿ ಒಂದು ಮನೆಗೆ ಚಳಿಗಾಲ ಕಳೆಯುತ್ತದೆ, ಆದರೂ ಹೋದೆ. ವಠಾರದ ಕೋಣೆಯಲ್ಲಿ ಚುನ್‌ಗಿಲ್ ಹಾಸಿಗೆ ಸುತ್ತುತ್ತಿದ್ದ.

"ಏನಿದು?" ಎಂದಳು ಓಕ್‌ಬುನ್.

"ಹಾಸಿಗೆ."

"ಕಣ್ಣು ಕಾಣ್ಸುತ್ತೆ ನಂಗೆ. ಬೂಟು ಹೊರಗಿತ್ತು ಅಂತ ಊರು ಬಿಡ್ತೀಯಾ?"

ಅವನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಅವಳು ಹೊಸ್ತಿಲ ಮೇಲೆ ಕುಕ್ಕರಿಸಿದಳು.

"ನನ್ನ ಗಂಡನ ಬೂಟು ಒಳಗೇ ಇತ್ತು ಕಣೋ. ದಿನಾ ಒಳಗೇ ತಿರುಗಿಸಿಡ್ತಿದ್ದೆ. ಆವತ್ತೂ ಇಟ್ಟಿದ್ದೆ. ಬಂದ್ನಾ? ಹೋದ ಮೇಲೂ ಎಷ್ಟೋ ಕಾಲ ಹಾಗೇ ಇಟ್ಟಿದ್ದೆ. ನಿಂದನ್ನ ಮೊದಲ ದಿನ ಹೊರಗೆ ತಿರುಗಿಸಿದೆ. ಮಾರನೇ ದಿನ ಬಂದೆ. ಮತ್ತೆ ಹೊರಗೆ ತಿರುಗಿಸಿದೆ, ಮತ್ತೆ ಬಂದೆ. ಜ್ವರ ಬಂದಾಗಲೂ ಬಂದೆ, ಹಿಮ ಸೊಂಟಕ್ಕೆ ಬಂದಾಗಲೂ ಬಂದೆ. ಸರಿಯಾಗಿ ನಡೀತಿರೋದನ್ನ ಯಾವ ತಲೆಕೆಟ್ಟವಳು ಬದಲಾಯಿಸ್ತಾಳೆ ಹೇಳು?"

ಚುನ್‌ಗಿಲ್‌ಗೆ ಕೆಮ್ಮು ಬಂತು. ಅದು ಧೂಳಿನ ಕೆಮ್ಮಲ್ಲ. ಧೂಳಿನ ಕೆಮ್ಮು ನನಗೆ ಗೊತ್ತು.

"ಅಂದ್ರೆ... ಅಷ್ಟು ದಿನ..."

"ಅಂದ್ರೆ ಗಿಂದ್ರೆ ಏನಿಲ್ಲ."

"ಕಿಮ್ಜೆಗೆ ಹೋಗ್ಲೋ ಬೇಡ್ವೋ, ಅದನ್ನಾದ್ರೂ ನೆಟ್ಟಗೆ ಹೇಳು ಮಾರಾಯ್ತಿ!"

ಓಕ್‌ಬುನ್ ಎದ್ದು ಹಿತ್ತಿಲಿಗೆ ಹೋಗಿ ಎಲೆಕೋಸಿಗೆ ಉಪ್ಪು ಖಾರ ಹಾಕಿ ಅವನು ಚಳಿಗಾಲಕ್ಕೆ ಕೂಡಿಟ್ಟಿದ್ದ ಕಿಮ್ಚಿಯ ಜಾಡಿಯ ಮುಚ್ಚಳ ತೆಗೆದು, ಒಂದು ಎಲೆ ಕಿತ್ತು ಬಾಯಿಗಿಟ್ಟಳು. ಮುಖ ಹಿಂಡಿದಳು.

"ಅಯ್ಯೋ, ಕಿಮ್ಚಿನಾ ಇದು? ಸಮುದ್ರ ಕಣೋ. ಇದನ್ನ ತಿಂದು ಇಷ್ಟು ವರ್ಷ ಹೇಗೆ ಬದುಕಿದ್ಯೋ. ನನ್ನ ಜಾಡಿಗೆ ಬೆರೆಸಿದ್ರೇನೇ ಇದಕ್ಕೊಂದು ಗತಿ. ಹೊರು."

ಇಬ್ಬರ ಕಿಮ್ಚಿ ಒಂದೇ ಜಾಡಿಗೆ ಹೋಗುವುದೆಂದರೆ ಏನೆಂದು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಚುನ್‌ಗಿಲ್ ಹಾಸಿಗೆಯನ್ನು ಅಲ್ಲೇ ಬಿಟ್ಟು ಜಾಡಿಯನ್ನು ತಬ್ಬಿಕೊಂಡ. ಜಾಡಿ ಅವನಿಗಿಂತ ದಪ್ಪ. ಮೇಲಿನ ತುದಿ ಅವನು, ಕೆಳಗಿನ ತುದಿ ಅವಳು, ಹೊರುವ ನೆಪದಲ್ಲಿ ಒಂದು ಬೆರಳು ಇಟ್ಟುಕೊಂಡು ನಾನು, ಗುಡ್ಡ ಇಳಿಯತೊಡಗಿದೆವು. ವಠಾರದ ಕಿಟಕಿಗಳಿಂದ ತಲೆಗಳು ಹೊರಬಂದವು.

"ಮುದುಕಾ, ನೆಟ್ಟಗೆ ಹಿಡಿ," ಎಂದಳು ಓಕ್‌ಬುನ್. "ಒಡೆದ್ಯೋ, ವಾಪಸ್ ಕಳಿಸಿಬಿಡ್ತೀನಿ."

"ಕಳಿಸು," ಎಂದ ಚುನ್‌ಗಿಲ್ ಜಾಡಿಯ ಹಿಂದಿನಿಂದ. "ನಾಳೆ ಮತ್ತೆ ಬರ್ತೀನಿ."